ಹಿಮದ ಮೇಲಿನ ಹಾದಿ

ಭೂಗೋಳದ ಉತ್ತರದ ನಾಡುಗಳಲ್ಲಿ ವರ್ಷದ ನಾಲ್ಕೈದು ತಿಂಗಳ ಕಾಲ ನೆಲವು ಕಣ್ಣಿಗೆ ಬೀಳುವುದಿಲ್ಲ. ಕೆನಡ ದೇಶದ ಪೂರ್ವಭಾಗದಲ್ಲಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ನವೆಂಬರ್ ತಿಂಗಳಲ್ಲಿ ಬೀಳತೊಡಗುವ ಹಿಮವು ಹಲವೆಡೆ ಏಪ್ರಿಲ್ ತಿಂಗಳವರೆಗೂ ಉಳಿದಿರುತ್ತದೆ. ಹೊಲ, ಬೇಲಿ, ರಸ್ತೆ, ಮನೆಯ ಮುಂದಣ ಮೆಟ್ಟಿಲು ಎಲ್ಲವೂ ಒಂದೇ ಬಿಳಿಯ ಹೊದಿಕೆಯ ಕೆಳಗೆ ಅಡಗಿಹೋಗುತ್ತವೆ. ಅರಳೆಯಂತೆ ಹಗುರವಾಗಿ ಇಳಿಯುವ ಹಿಮವು ನೋಡುವುದಕ್ಕೆ ಮನೋಹರವಾದುದೇ. ಆದರೆ ಅದರಲ್ಲಿ ಕಾಲಿಟ್ಟವನು ಮೊಣಕಾಲಿನವರೆಗೆ, ಕೆಲವೊಮ್ಮೆ ಸೊಂಟದವರೆಗೆ ಹೂತುಹೋಗುತ್ತಾನೆ. ಬಂಡಿಯ ಚಕ್ರಗಳು ಅಲ್ಲಿ ತಿರುಗಲಾರವು. ಮೋಟಾರು ಕಾರಿನ ಚಕ್ರಗಳು ತಿರುಗಿದರೂ ನಿಂತಲ್ಲಿಯೇ ತಿರುಗಿ ಇನ್ನಷ್ಟು ಆಳಕ್ಕೆ ಇಳಿಯುತ್ತವೆ.

ಇಂತಹ ನೆಲದಲ್ಲಿ ಮನುಷ್ಯನು ಸಾವಿರಾರು ವರ್ಷಗಳಿಂದ ಬಾಳಿಕೊಂಡು ಬಂದಿದ್ದಾನೆ. ಕೆನಡದ ಮೂಲನಿವಾಸಿಗಳು ಮರದ ಚೌಕಟ್ಟಿಗೆ ತೊಗಲಿನ ಎಳೆಗಳನ್ನು ಬಲೆಯಂತೆ ಹೆಣೆದು ಅಗಲವಾದ ಹಿಮಪಾದುಕೆಗಳನ್ನು ಮಾಡಿಕೊಂಡರು. ಧ್ರುವಪ್ರದೇಶದ ಇನ್ಯುಯಿಟ್ ಜನರು ಚಕ್ರಗಳಿಲ್ಲದ ಜಾರುಬಂಡಿಗೆ ನಾಯಿಗಳನ್ನು ಕಟ್ಟಿದರು. ಯುರೋಪಿನ ಉತ್ತರ ತುದಿಯ ಸಾಮಿ ಜನರು ಅದಕ್ಕೆ ಹಿಮಸಾರಂಗಗಳನ್ನು ಹೂಡಿದರು. ಕ್ವಿಬೆಕಿನ ರೈತರು ಕುದುರೆಗಳನ್ನೇ ನಂಬಿದ್ದರು. ಪಟ್ಟಣಗಳಿಗೆ ಮೋಟಾರು ಕಾರುಗಳು ಬಂದ ಮೇಲೆಯೂ ಹಳ್ಳಿಗಾಡಿನಲ್ಲಿ ಚಳಿಗಾಲ ಬಂದಿತೆಂದರೆ ಕಾರುಗಳು ಕೊಟ್ಟಿಗೆ ಸೇರುತ್ತಿದ್ದವು. ಕುದುರೆಗಳು ಮತ್ತೆ ಹೊರಗೆ ಬರುತ್ತಿದ್ದವು. ಯಂತ್ರಯುಗವು ಅಲ್ಲಿ ವರ್ಷಕ್ಕೆ ಏಳು ತಿಂಗಳು ಮಾತ್ರ ನಡೆಯುತ್ತಿತ್ತೆಂದರೆ ತಪ್ಪಾಗಲಾರದು.

ಈ ಪ್ರಾಂತ್ಯದ ವಾಲ್‌ಕೂರ್ ಎಂಬ ಸಣ್ಣ ಊರಿನಲ್ಲಿ 1907ನೆಯ ಇಸವಿ ಏಪ್ರಿಲ್ 16ರಂದು ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಜನಿಸಿದನು. ಎಂಟು ಮಕ್ಕಳಲ್ಲಿ ಅವನೇ ಹಿರಿಯ. ಬಾಲ್ಯದಿಂದಲೂ ಅವನಿಗೆ ಯಂತ್ರಗಳಲ್ಲಿ ಬಿಡಲಾಗದ ಆಸಕ್ತಿ. ಹಾಳಾದ ಗಡಿಯಾರ, ಹಳೆಯ ಆಟಿಕೆ, ಕೈಗೆ ಸಿಕ್ಕಿದ ಯಾವುದನ್ನಾದರೂ ಬಿಚ್ಚಿ ನೋಡದೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಮಗನನ್ನು ಪಾದ್ರಿಯನ್ನಾಗಿ ಮಾಡಬೇಕೆಂಬುದು ಮನೆಯವರ ಇಚ್ಛೆ. ಅದಕ್ಕಾಗಿ ಅವನನ್ನು ಶೆರ್‌ಬ್ರೂಕ್ ನಗರದ ಧಾರ್ಮಿಕ ವಿದ್ಯಾಲಯಕ್ಕೆ ಸೇರಿಸಿದ್ದರು. ಹುಡುಗನ ಮನಸ್ಸು ಮಾತ್ರ ಗ್ರಂಥಗಳಲ್ಲಿ ನಿಲ್ಲಲಿಲ್ಲ.

1922ರ ಡಿಸೆಂಬರ್ ತಿಂಗಳ ಕೊನೆಯ ದಿನ ವಾಲ್‌ಕೂರಿನ ಜನರು ಹಿಂದೆಂದೂ ಕಾಣದ ಒಂದು ನೋಟವನ್ನು ಕಂಡರು. ಎರಡು ಮರದ ಜಾರುಬಂಡಿಗಳನ್ನು ಒಂದರ ಹಿಂದೊಂದು ಜೋಡಿಸಿ, ಅದರ ಮೇಲೆ ಹಳೆಯ ಫೋರ್ಡ್ ಕಾರಿನ ಎಂಜಿನನ್ನು ಕೂರಿಸಿ, ಹಿಂಬದಿಗೆ ವಿಮಾನಕ್ಕಿರುವಂತಹ ಮರದ ಪ್ರೊಪೆಲರನ್ನು ಸಿಕ್ಕಿಸಿದ ಒಂದು ವಿಚಿತ್ರ ವಾಹನವು ಭಾರಿ ಸದ್ದು ಮಾಡುತ್ತ ಹಿಮದ ಮೇಲೆ ಜಾರಿಕೊಂಡು ಹೋಯಿತು. ಅದನ್ನು ನಡೆಸುತ್ತಿದ್ದವರು ಹದಿನೈದು ವರ್ಷದ ಆರ್ಮಾಂಡ್ ಮತ್ತು ಅವನ ತಮ್ಮ ಲಿಯೊಪೋಲ್ಡ್. ನೆರೆದ ಜನ ಬೆರಗಾದರು. ತಂದೆಗಾದರೋ ಎದೆ ನಡುಗಿತು. ಯಾವ ರಕ್ಷಣೆಯೂ ಇಲ್ಲದೆ ಸುತ್ತುತ್ತಿದ್ದ ಆ ಪ್ರೊಪೆಲರಿನ ಅಲುಗುಗಳಿಗೆ ಯಾರಾದರೂ ಸಿಲುಕಿದ್ದರೆ ಗತಿಯೇನು? ಆ ಯಂತ್ರವನ್ನು ಕೂಡಲೇ ಬಿಚ್ಚಿಹಾಕಬೇಕೆಂದು ಅವನು ಆಜ್ಞೆ ಮಾಡಿದನು. ಹುಡುಗರು ಬಿಚ್ಚಿಹಾಕಿದರು. ತಂದೆಯ ಆಜ್ಞೆ ಯಂತ್ರಕ್ಕೆ ತಟ್ಟಿತು; ಆಲೋಚನೆಗೆ ತಟ್ಟಲಿಲ್ಲ.

ಆರ್ಮಾಂಡನು ಕೆಲಕಾಲದಲ್ಲಿಯೇ ವಿದ್ಯಾಲಯವನ್ನು ಬಿಟ್ಟು ಮೋಟಾರು ದುರಸ್ತಿಯ ಕೆಲಸ ಕಲಿತನು. 1926ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹುಟ್ಟೂರಿಗೆ ಮರಳಿ ತನ್ನದೇ ಒಂದು ಗ್ಯಾರೇಜನ್ನು ತೆರೆದನು. ಬೇಸಿಗೆಯಲ್ಲಿ ಕಾರುಗಳ ರಿಪೇರಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ವಾಹನದ ಪ್ರಯೋಗ: ಹೀಗೆ ವರ್ಷಗಳು ಕಳೆದವು. ಅವನು ಕಟ್ಟಿದ ವಾಹನಗಳಲ್ಲಿ ಕೆಲವು ತೀರ ಭಾರವಾಗಿದ್ದವು. ಕೆಲವು ಗಟ್ಟಿ ಹಿಮದ ಮೇಲೆ ಓಡಿ ಮೆತ್ತನೆಯ ಹಿಮದಲ್ಲಿ ಹೂತುಹೋದವು. ಒಂದೊಂದನ್ನೂ ಕಟ್ಟುವುದು, ಓಡಿಸಿ ನೋಡುವುದು, ಮುರಿದುಹಾಕುವುದು, ಮತ್ತೆ ಕಟ್ಟುವುದು. ಊರಿನವರಿಗೆ ಇದು ಒಬ್ಬ ಯುವಕನ ಹುಚ್ಚಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

1934ರ ಚಳಿಗಾಲದಲ್ಲಿ ಈ ಪ್ರಯೋಗಗಳಿಗೆ ಬೇರೆಯೇ ಒಂದು ಅರ್ಥ ಬಂದಿತು. ಆರ್ಮಾಂಡನ ಎರಡು ವರ್ಷದ ಮಗ ಇವೊನ್‌ಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಅದು ಕರುಳುಬಾಲದ ಉರಿಯೂತ. ಅದು ಒಡೆದು ಹೊಟ್ಟೆಯೊಳಗೆಲ್ಲ ನಂಜು ಹರಡುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಿದರೆ ರೋಗಿ ಬದುಕುತ್ತಾನೆ; ತಡವಾದರೆ ಉಳಿಯುವುದು ಕಷ್ಟ. ಆಸ್ಪತ್ರೆಯಿದ್ದುದು ಸುಮಾರು 50 ಕಿಲೋಮೀಟರು ದೂರದ ಶೆರ್‌ಬ್ರೂಕಿನಲ್ಲಿ. ಬೇಸಿಗೆಯಲ್ಲಾಗಿದ್ದರೆ ಕಾರಿನಲ್ಲಿ ಎರಡು ಗಂಟೆಯೂ ಬೇಕಾಗದ ದಾರಿ. ಆದರೆ ಹಿಮವು ರಸ್ತೆಯನ್ನು ಮುಚ್ಚಿಬಿಟ್ಟಿತ್ತು. ಹನ್ನೆರಡು ವರ್ಷಗಳಿಂದ ಹಿಮದ ಮೇಲೆ ಓಡುವ ವಾಹನಕ್ಕಾಗಿ ಹೆಣಗುತ್ತಿದ್ದ ಆ ತಂದೆಯ ಬಳಿ, ಅಂದು ಆ ಹಿಮವನ್ನು ದಾಟಬಲ್ಲ ವಾಹನವಿರಲಿಲ್ಲ. ಮಗು ಮನೆಯಲ್ಲಿಯೇ ತೀರಿಕೊಂಡಿತು.

ಆ ದುಃಖವನ್ನು ಕುರಿತು ಹೆಚ್ಚು ಮಾತನಾಡಬೇಕಾದುದಿಲ್ಲ. ಮರುವರ್ಷವೇ, ಎಂದರೆ 1935ರಲ್ಲಿ, ಆರ್ಮಾಂಡನಿಗೆ ತಾನು ಹುಡುಕುತ್ತಿದ್ದುದು ದೊರೆಯಿತೆಂಬುದನ್ನು ಹೇಳಿದರೆ ಸಾಕು. ಅದು ರಬ್ಬರಿನ ಹೊದಿಕೆಯುಳ್ಳ ಒಂದು ಹಲ್ಲುಗಾಲಿ ಮತ್ತು ಅದು ಎಳೆದು ತಿರುಗಿಸುವ ರಬ್ಬರಿನ ಪಟ್ಟಿ. ಯುದ್ಧದ ಟ್ಯಾಂಕುಗಳು ಕಬ್ಬಿಣದ ಸರಪಳಿಯನ್ನು ತಾವೇ ತಮ್ಮ ಮುಂದೆ ಹಾಸಿಕೊಂಡು ಅದರ ಮೇಲೆ ಸಾಗುತ್ತವೆ, ತತ್ತ್ವವು ಅದೇ. ಆದರೆ ಕಬ್ಬಿಣದ ಸರಪಳಿ ಹಿಮಕ್ಕೆ ಬಹಳ ಭಾರ. ಅದರ ಸಂದುಗಳಲ್ಲಿ ಹಿಮ ತುಂಬಿ ಗಟ್ಟಿಯಾಗಿ ಗಾಲಿಗಳನ್ನು ಹಿಡಿದುಬಿಡುತ್ತದೆ. ರಬ್ಬರು ಹಗುರ, ಬಾಗುವಂಥದು, ಹಿಮವನ್ನು ಅಂಟಿಸಿಕೊಳ್ಳದೆ ಉದುರಿಸಿಬಿಡುವಂಥದು. 1937ರ ಜೂನ್ 29ರಂದು ಈ ಸಾಧನಕ್ಕೆ ಅವನಿಗೆ ಪೇಟೆಂಟ್ ದೊರೆಯಿತು. ಹಿಂದೆ ರಬ್ಬರಿನ ಪಟ್ಟಿ, ಮುಂದೆ ಎರಡು ಜಾರುಪಟ್ಟಿಗಳು, ಮೇಲೆ ಏಳು ಜನ ಕುಳಿತುಕೊಳ್ಳಬಲ್ಲ ಮುಚ್ಚಿದ ಗೂಡು. ಇದು ಅವನ ಮೊದಲನೆಯ ಯಶಸ್ವೀ ವಾಹನ. ಅದರ ಹೆಸರು 'ಬಿ-7'. ಅದನ್ನು ಕೊಂಡವರಲ್ಲಿ ಹಳ್ಳಿಯ ವೈದ್ಯರು ಇದ್ದರೆಂಬುದು ಗಮನಿಸಬೇಕಾದ ಸಂಗತಿ.

1942ರಲ್ಲಿ ಅವನು ಒಂದು ಕಂಪನಿಯನ್ನು ಸ್ಥಾಪಿಸಿದನು. ಹನ್ನೆರಡು ಜನರನ್ನು ಒಯ್ಯುವ 'ಬಿ-12' ಎಂಬ ದೊಡ್ಡ ವಾಹನವು ಅಲ್ಲಿ ತಯಾರಾಯಿತು. ಹಡಗಿನ ಕಿಟಕಿಗಳಂತೆ ದುಂಡನೆಯ ಗಾಜಿನ ಕಿಟಕಿಗಳಿದ್ದ ಈ ವಾಹನವು ರೋಗಿಗಳನ್ನು ಆಸ್ಪತ್ರೆಗೂ ಅಂಚೆಯ ಚೀಲಗಳನ್ನು ಹಳ್ಳಿಗಳಿಗೂ ಮುಟ್ಟಿಸಿತು. ಅದಕ್ಕಿಂತ ಉದ್ದವಾದ ಇನ್ನೊಂದು ಮಾದರಿಯು ಶಾಲೆಯ ಮಕ್ಕಳಿಗೆಂದೇ ತಯಾರಾಯಿತು. ಚಳಿಗಾಲದಲ್ಲಿ ಶಾಲೆ ತಪ್ಪಿಸಿಕೊಳ್ಳುವುದಕ್ಕೆ ಹಿಮದ ನೆವ ಹೇಳುತ್ತಿದ್ದ ಮಕ್ಕಳಿಗೆ ಇದರಿಂದ ನಷ್ಟವೂ ಆಗಿರಬಹುದು!

ಆದರೆ ಉದ್ಯಮಕ್ಕೆ ಹೊಡೆತ ಬಂದುದು ಯಾರೂ ನಿರೀಕ್ಷಿಸದ ಕಡೆಯಿಂದ. 1940ರ ದಶಕದ ಕೊನೆಯಲ್ಲಿ ಕ್ವಿಬೆಕ್ ಸರ್ಕಾರವು ಹಳ್ಳಿಯ ರಸ್ತೆಗಳ ಮೇಲಿನ ಹಿಮವನ್ನೂ ಯಂತ್ರಗಳಿಂದ ತೆರವು ಮಾಡಿಸತೊಡಗಿತು. ಜನರಿಗೆ ಅದು ಸೌಕರ್ಯವೇ. ಆದರೆ ರಸ್ತೆಯಲ್ಲಿ ಹಿಮವೇ ಇಲ್ಲವೆಂದ ಮೇಲೆ ಹಿಮವಾಹನವನ್ನು ಕೊಳ್ಳುವವರಾರು? ಮಾರಾಟವು ಥಟ್ಟನೆ ಕುಸಿಯಿತು. ಬೊಂಬಾರ್ಡಿಯೆ ಎದೆಗುಂದದೆ ರಸ್ತೆಯಿಲ್ಲದ ಕಡೆಗೆ ಕಣ್ಣು ಹಾಯಿಸಿದನು. ಜೌಗು ನೆಲದಲ್ಲಿ, ಕಾಡಿನಲ್ಲಿ ಓಡಬಲ್ಲ 'ಮಸ್ಕೆಗ್' ಎಂಬ ಟ್ರ್ಯಾಕ್ಟರನ್ನು 1953ರಲ್ಲಿ ಹೊರತಂದನು. ಜೊತೆಗೆ, ಹುಡುಗನಾಗಿದ್ದಾಗಿನ ಹಳೆಯ ಕನಸೊಂದು ಅವನಲ್ಲಿ ಉಳಿದೇ ಇತ್ತು: ಒಬ್ಬಿಬ್ಬರು ಕುದುರೆಯ ಮೇಲೆ ಕುಳಿತಂತೆ ಕುಳಿತು ಹೋಗಬಹುದಾದ ಹಗುರವಾದ ವಾಹನ. ಅದಕ್ಕೆ ಬೇಕಾದ ಸಣ್ಣ ಎಂಜಿನುಗಳು 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಸಂದಿಲ್ಲದ ಒಂದೇ ತುಂಡಿನ ರಬ್ಬರ್ ಪಟ್ಟಿಯನ್ನು ಮಾಡುವ ವಿಧಾನವನ್ನು ಅವನ ಹಿರಿಯ ಮಗ ಜೆರ್ಮೇನ್ ಸಿದ್ಧಪಡಿಸಿದನು.

ಒಬ್ಬನ ಹೆಸರನ್ನೇ ಹಿಡಿದು ಕಥೆ ಹೇಳುವಾಗ ಇತರರನ್ನು ಮರೆಯುವ ಅಪಾಯವುಂಟು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಊರಿನಲ್ಲಿ ಅಂಗಡಿಯಿಟ್ಟುಕೊಂಡಿದ್ದ ಕಾರ್ಲ್ ಎಲಿಯಾಸನ್‌ಗೆ ಪಾದದಲ್ಲಿ ಊನವಿತ್ತು. ಬೇಟೆಗೆ ಹೋಗುವ ಗೆಳೆಯರ ಹೆಜ್ಜೆಗೆ ಹಿಮದಲ್ಲಿ ಹೆಜ್ಜೆ ಹಾಕಲು ಅವನಿಂದಾಗುತ್ತಿರಲಿಲ್ಲ. ಅವನು ದೋಣಿಗೆ ಕಟ್ಟುವ ಎರಡೂವರೆ ಅಶ್ವಶಕ್ತಿಯ ಎಂಜಿನನ್ನು ಒಂದು ಉದ್ದನೆಯ ಜಾರುಹಲಗೆಗೆ ಜೋಡಿಸಿ, ಸೈಕಲ್ಲಿನ ಭಾಗಗಳನ್ನೂ ಬಳಸಿ, 1924ರಲ್ಲಿಯೇ ತನಗಾಗಿ ಒಂದು ಹಿಮವಾಹನವನ್ನು ಮಾಡಿಕೊಂಡಿದ್ದನು. 1927ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದನು. ಮಿನ್ನೆಸೋಟ ರಾಜ್ಯದ ರೋಸೋ ಎಂಬಲ್ಲಿ ರೈತರಿಗೆ ಉಪಕರಣಗಳನ್ನು ಮಾಡಿಕೊಡುತ್ತಿದ್ದ ಹೆಟೀನ್ ಸೋದರರು ಮತ್ತು ಅವರ ಸಂಗಡಿಗರು 1950ರ ದಶಕದ ನಡುವಿನಲ್ಲಿ ತಮ್ಮದೇ ಯಂತ್ರವನ್ನು ಕಟ್ಟಿದರು. ಅದರ ಮುಂದಿನ ಜಾರುಪಟ್ಟಿಗಳು ಹಳೆಯ ಕಾರೊಂದರ ಬಂಪರಿನಿಂದ ಮಾಡಿದವು. ಅದೇ ಮುಂದೆ ಪೊಲಾರಿಸ್ ಎಂಬ ಪ್ರಸಿದ್ಧ ಸಂಸ್ಥೆಯಾಗಿ ಬೆಳೆಯಿತು. ಒಂದೇ ಕೊರತೆಯು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕೈಗಳನ್ನು ಕೆಲಸಕ್ಕೆ ಹಚ್ಚಿತ್ತು.

ಬೊಂಬಾರ್ಡಿಯೆಯ ಸಣ್ಣ ವಾಹನವು 1959ರಲ್ಲಿ ಮಾರಾಟಕ್ಕೆ ಬಂದಿತು. ಅದಕ್ಕೆ ಏಳು ಅಶ್ವಶಕ್ತಿಯ ಎಂಜಿನು. ಗಂಟೆಗೆ ಸುಮಾರು 40 ಕಿಲೋಮೀಟರು ವೇಗ. ನಾಯಿಗಳ ಬದಲಿಗೆ ಜಾರುಬಂಡಿಯನ್ನು ಎಳೆಯುವ ಯಂತ್ರವಾದುದರಿಂದ ಅದಕ್ಕೆ ಮೊದಲು ಯೋಚಿಸಿದ ಹೆಸರು 'ಸ್ಕಿ-ಡಾಗ್'. ಆ ಹೆಸರೇ 'ಸ್ಕಿ-ಡೂ' ಎಂದಾಯಿತು. ಅಚ್ಚಿನ ತಪ್ಪಿನಿಂದ ಹಾಗಾಯಿತೆಂಬ ಕಥೆಯೂ ಇದೆ. ಮಾರಾಟಕ್ಕೆ ಬರುವ ಮುನ್ನ ಅದನ್ನು ಬೊಂಬಾರ್ಡಿಯೆಯು ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿದ್ದ ತನ್ನ ಗೆಳೆಯನಾದ ಪಾದ್ರಿಯೊಬ್ಬನ ಬಳಿಗೆ ಒಯ್ದು ಪರೀಕ್ಷಿಸಿದನು. ಕಾಡಿನ ನಡುವಣ ಬಡ ನೆಲೆಗಳಿಗೆ ನಾಯಿಬಂಡಿಯಲ್ಲಿ ಅಲೆಯುತ್ತಿದ್ದ ಪಾದ್ರಿಗಳು, ಬೇಟೆಗಾರರು, ಭೂಮಿಯನ್ನು ಅಳೆಯುವವರು, ಇಂತಹವರಿಗಾಗಿ ಅದನ್ನು ಮಾಡಿದುದು. ಮೊದಲ ಋತುವಿನಲ್ಲಿ 225 ವಾಹನಗಳು ಮಾರಾಟವಾದವು. ಆದರೆ ಕೊಂಡವರು ಕೆಲಸಕ್ಕೆ ಹೋಗುವುದಕ್ಕೆ ಮಾತ್ರವೇ ಅದನ್ನು ಬಳಸಲಿಲ್ಲ. ಭಾನುವಾರಗಳಂದು ಅದರ ಮೇಲೆ ಕುಳಿತು ನಗುತ್ತ ಕೇಕೆ ಹಾಕುತ್ತ ಹೊಲಗಳ ಮೇಲೆ ಸುತ್ತತೊಡಗಿದರು. ಕೆಲಸದ ಯಂತ್ರವು ಆಟದ ಯಂತ್ರವೂ ಆಯಿತು. 1964ರ ಫೆಬ್ರವರಿ 18ರಂದು ಬೊಂಬಾರ್ಡಿಯೆಯು ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ಐವತ್ತಾರು ವರ್ಷ. ಅವನ ಕಂಪನಿಯು ಮುಂದೆ ರೈಲುಗಾಡಿಗಳನ್ನೂ ವಿಮಾನಗಳನ್ನೂ ತಯಾರಿಸಿತು. ದೆಹಲಿಯ ಮೆಟ್ರೋ ರೈಲಿನ ಅನೇಕ ಬೋಗಿಗಳ ಮೇಲೆ ಕಂಡುಬರುವ ಹೆಸರು ಹಿಮದಲ್ಲಿ ಮಗನನ್ನು ಕಳೆದುಕೊಂಡ ಆ ಗ್ಯಾರೇಜಿನವನದೇ.

ಇಷ್ಟು ಭಾರದ ಯಂತ್ರವು ಹಿಮದಲ್ಲಿ ಹೂತುಹೋಗದೆ ಓಡುವುದಾದರೂ ಹೇಗೆ? ಒತ್ತಡವೆಂದರೇನೆಂಬುದನ್ನು ವಿಜ್ಞಾನದ ತರಗತಿಯಲ್ಲಿ ಕಲಿತವರಿಗೆ ಇದು ಒಗಟಾಗಲಾರದು. 45 ಕಿಲೋಗ್ರಾಮ್ ತೂಕದ ಒಬ್ಬ ವಿದ್ಯಾರ್ಥಿಯ ಎರಡು ಪಾದಗಳ ವಿಸ್ತೀರ್ಣ ಒಟ್ಟಿಗೆ 300 ಚದರ ಸೆಂಟಿಮೀಟರೆಂದು ಎಣಿಸಿದರೆ, ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 150 ಗ್ರಾಮ್. ನಡೆಯುವಾಗ ಒಂದೇ ಪಾದದ ಮೇಲೆ ನಿಲ್ಲಬೇಕಾದುದರಿಂದ ಅದು ಇಮ್ಮಡಿಯಾಗುತ್ತದೆ. 250 ಕಿಲೋಗ್ರಾಮಿನ ಸ್ನೋಮೊಬೈಲಿನ ಮೇಲೆ 75 ಕಿಲೋಗ್ರಾಮಿನ ಸವಾರ ಕುಳಿತನೆನ್ನೋಣ. ಅದರ ರಬ್ಬರ್ ಪಟ್ಟಿಯ ಅಗಲ ಸುಮಾರು 38 ಸೆಂಟಿಮೀಟರು. ಹಿಮಕ್ಕೆ ತಾಗುವ ಉದ್ದ ಒಂದೂವರೆ ಮೀಟರು. ಲೆಕ್ಕ ಮಾಡಿದರೆ ಒಂದು ಚದರ ಸೆಂಟಿಮೀಟರಿಗೆ 60 ಗ್ರಾಮ್ ಕೂಡ ಬೀಳುವುದಿಲ್ಲ. ವಿದ್ಯಾರ್ಥಿಯು ಹೂತುಹೋಗುವ ಹಿಮದ ಮೇಲೆ ಯಂತ್ರವು ತೇಲಿದಂತೆ ಹೋಗುತ್ತದೆ. ಮೂಲನಿವಾಸಿಗಳ ಹಿಮಪಾದುಕೆಯಲ್ಲಿ ಅಡಗಿರುವ ಜಾಣತನವೂ ಇದೇ.

ಮುಂದಿನ ಎರಡು ಜಾರುಪಟ್ಟಿಗಳನ್ನು ಸೈಕಲ್ಲಿನಂತಹ ಹ್ಯಾಂಡಲ್ಲಿನಿಂದ ತಿರುಗಿಸಬಹುದು. ರಬ್ಬರ್ ಪಟ್ಟಿಯ ಹೊರಮೈಯಲ್ಲಿರುವ ಉಬ್ಬುಗಳು ಹಿಮವನ್ನು ಹಿಡಿದು ಹಿಂದಕ್ಕೆ ತಳ್ಳುತ್ತವೆ. ವಾಹನವು ಮುಂದಕ್ಕೆ ಹೋಗುತ್ತದೆ. ಎಂಜಿನಿನಿಂದ ಪಟ್ಟಿಗೆ ಶಕ್ತಿಯನ್ನು ಮುಟ್ಟಿಸುವ ಏರ್ಪಾಡು ಬಹಳ ಚೆನ್ನಾದುದು. ಎರಡು ರಾಟೆಗಳು, ಅವುಗಳನ್ನು ಸುತ್ತಿದ ಒಂದು ಬೆಲ್ಟು. ಎಂಜಿನಿನ ವೇಗ ಹೆಚ್ಚಿದಂತೆ ಮುಂದಿನ ರಾಟೆಯ ಎರಡು ಪಾರ್ಶ್ವಗಳು ಹತ್ತಿರ ಬಂದು ಬೆಲ್ಟನ್ನು ಅಂಚಿನ ಕಡೆಗೆ ತಳ್ಳುತ್ತವೆ. ಹಿಂದಿನ ರಾಟೆಯ ಪಾರ್ಶ್ವಗಳು ಅಷ್ಟೇ ಅಗಲಿಕೊಂಡು ಬೆಲ್ಟನ್ನು ಒಳಕ್ಕೆ ಬಿಟ್ಟುಕೊಡುತ್ತವೆ. ಸವಾರನು ಗೇರು ಬದಲಾಯಿಸುವ ಗೋಜಿಲ್ಲ. ದಪ್ಪ ಕೈಚೀಲ ತೊಟ್ಟು, ಕೊರೆಯುವ ಗಾಳಿಯಲ್ಲಿ ಹೋಗುವವನಿಗೆ ಇದು ದೊಡ್ಡ ಅನುಕೂಲ. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಗೇರಿಲ್ಲದ ಸ್ಕೂಟರುಗಳಲ್ಲಿಯೂ ಇದೇ ಏರ್ಪಾಡು ಕೆಲಸ ಮಾಡುತ್ತಿದೆ.

ಈ ಸಣ್ಣ ಯಂತ್ರದ ತಾಳಿಕೆ ಎಷ್ಟೆಂಬುದು 1968ರಲ್ಲಿ ಜಗತ್ತಿಗೆ ತಿಳಿಯಿತು. ಅಮೆರಿಕದ ಮಿನ್ನೆಸೋಟದಲ್ಲಿ ವಿಮಾ ಕಂಪನಿಯ ಏಜೆಂಟನಾಗಿದ್ದ ರಾಲ್ಫ್ ಪ್ಲೈಸ್ಟೆಡ್ ಹಿಂದಿನ ವರ್ಷ ಒಮ್ಮೆ ಪ್ರಯತ್ನಿಸಿ ಸೋತಿದ್ದರೂ ಮತ್ತೆ ಸ್ಕಿ-ಡೂ ವಾಹನಗಳನ್ನೇರಿ ಉತ್ತರ ಧ್ರುವದ ಕಡೆಗೆ ಹೊರಟನು. ಕೆಳಗೆ ನೆಲವಿಲ್ಲ, ಹೆಪ್ಪುಗಟ್ಟಿದ ಸಮುದ್ರ. ಮಂಜುಗಡ್ಡೆಯ ಹಲಗೆಗಳು ಒಂದಕ್ಕೊಂದು ಒತ್ತಿ ಎದ್ದ ಗೋಡೆಗಳು ಒಂದು ಕಡೆ. ಅವು ಸೀಳಿ ಬಾಯಿ ತೆರೆದ ಕಪ್ಪು ನೀರು ಇನ್ನೊಂದು ಕಡೆ. ಸುಮಾರು 43 ದಿನಗಳ ಪ್ರಯಾಣದ ಬಳಿಕ ಏಪ್ರಿಲ್ 19ರಂದು ನಾಲ್ವರು ಧ್ರುವವನ್ನು ಮುಟ್ಟಿದರು. ಅಮೆರಿಕದ ವಾಯುಪಡೆಯ ವಿಮಾನವು ಮೇಲೆ ಹಾರಿ ಆ ಸ್ಥಳವನ್ನು ಖಚಿತಪಡಿಸಿತು. 1909ರಲ್ಲಿ ನಾಯಿಬಂಡಿಯಲ್ಲಿ ಹೋದ ಪಿಯರಿಯ ಸಾಧನೆಯ ಬಗೆಗೆ ವಿವಾದವಿರುವುದರಿಂದ, ಮಂಜುಗಡ್ಡೆಯ ಮೇಲೆ ಸಾಗಿ ಧ್ರುವವನ್ನು ಸೇರಿದುದಕ್ಕೆ ನಿಸ್ಸಂದೇಹವಾದ ಆಧಾರವಿರುವ ಮೊದಲನೆಯ ಪ್ರಯಾಣ ಇದೆಂದು ಹಲವರು ಎಣಿಸುತ್ತಾರೆ. ಆ ನಾಲ್ವರಲ್ಲಿ ಒಬ್ಬ ಆರ್ಮಾಂಡ್ ಬೊಂಬಾರ್ಡಿಯೆಯ ಸೋದರನ ಮಗ.

ಧ್ರುವವನ್ನು ಮುಟ್ಟುವುದು ಒಂದು ದಿನದ ಸಾಹಸ. ಧ್ರುವದ ಸಮೀಪದಲ್ಲಿಯೇ ಬಾಳುವವರಿಗೆ ಈ ಯಂತ್ರ ಏನನ್ನು ತಂದಿತೆಂಬುದು ಅದಕ್ಕಿಂತ ಗಹನವಾದ ಪ್ರಶ್ನೆ. ಫಿನ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಸೆವೆತ್ತಿಯಾರ್ವಿ ಎಂಬ ಊರಿದೆ. ಎರಡನೆಯ ಮಹಾಯುದ್ಧದಲ್ಲಿ ತಮ್ಮ ನೆಲ ಸೋವಿಯತ್ ಒಕ್ಕೂಟಕ್ಕೆ ಸೇರಿಹೋದುದರಿಂದ ಸ್ಕೋಲ್ಟ್ ಸಾಮಿ ಎಂಬ ಜನರು ಅಲ್ಲಿಗೆ ಬಂದು ನೆಲೆಸಿದ್ದರು. ಹಿಮಸಾರಂಗವೇ ಅವರ ಸರ್ವಸ್ವ. ಅದರ ಮಾಂಸ ಆಹಾರ, ತೊಗಲು ಉಡುಪು, ಅದೇ ಬಂಡಿ ಎಳೆಯುವ ಪ್ರಾಣಿ. ಪ್ರತಿಯೊಂದು ಮನೆಗೂ ತನ್ನ ಮಂದೆಯಿತ್ತು. ಪ್ರಾಣಿಗಳು ಮನುಷ್ಯರಿಗೆ ಒಗ್ಗಿದ್ದವು. ಮನುಷ್ಯರು ಅವುಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದರು.

1960ರ ದಶಕದ ಆರಂಭದಲ್ಲಿ ಅಲ್ಲಿಗೆ ಸ್ನೋಮೊಬೈಲ್ ಬಂದಿತು. ನಾರ್ವೆಯ ಅಂಗಡಿಗಳಿಗೆ ಹೋಗಿಬರಲು ಸಾರಂಗದ ಬಂಡಿಯಲ್ಲಿ ಮೂರು ದಿನ ಹಿಡಿಯುತ್ತಿದ್ದುದು ಐದು ಗಂಟೆಗಳಿಗೆ ಇಳಿಯಿತು. ಯಾರು ತಾನೆ ಬೇಡವೆಂದಾರು? ಹತ್ತು ವರ್ಷಗಳೊಳಗಾಗಿ ಸಾರಂಗದ ಬಂಡಿ ಆ ಊರಿನ ಪ್ರಯಾಣದಿಂದ ಹೆಚ್ಚುಕಡಿಮೆ ಮಾಯವಾಯಿತು. ಈ ಬದಲಾವಣೆಯನ್ನು ಅಲ್ಲಿಯೇ ಇದ್ದು ನೋಡಿದ ಮಾನವಶಾಸ್ತ್ರಜ್ಞ ಪೆರ್ಟಿ ಪೆಲ್ಟೊ 1973ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಅದರಲ್ಲಿ ಕಾಣುವ ಚಿತ್ರ ಹೀಗಿದೆ. ಸಾರಂಗಕ್ಕೆ ಮೇವು ಹಿಮದ ಕೆಳಗೇ ಸಿಗುತ್ತಿತ್ತು. ಯಂತ್ರಕ್ಕೆ ಪೆಟ್ರೋಲನ್ನು ಹಣ ಕೊಟ್ಟು ತರಬೇಕು. ಸಾರಂಗ ಮರಿ ಹಾಕುತ್ತಿತ್ತು. ಯಂತ್ರ ಕೆಲವೇ ವರ್ಷಗಳಲ್ಲಿ ಸವೆದು ಹೊಸದನ್ನು ಬೇಡುತ್ತಿತ್ತು. ಹಣಕ್ಕಾಗಿ ಜನರು ಸಾರಂಗಗಳನ್ನು ಮಾರಿದರು, ಸಾಲ ಮಾಡಿದರು. ಯಂತ್ರಗಳ ಗದ್ದಲಕ್ಕೆ ಬೆದರಿ ಓಡಿಸಲ್ಪಟ್ಟ ಮಂದೆಗಳು ಮನುಷ್ಯನಿಗೆ ಅಂಜಿ ಕಾಡುಪ್ರಾಣಿಗಳಂತಾದವು. ಯಂತ್ರವನ್ನು ಕೊಂಡು ನಡೆಸಬಲ್ಲ ಕೆಲವರು ಮುಂದೆ ಬಂದರು. ಅದಾಗದ ಅನೇಕ ಕುಟುಂಬಗಳು ತಲೆಮಾರುಗಳ ಕಸುಬಾದ ಸಾರಂಗ ಸಾಕಣೆಯನ್ನೇ ಬಿಡಬೇಕಾಯಿತು. ಎಲ್ಲರೂ ಸರಿಸಮಾನರಾಗಿದ್ದ ಊರಿನಲ್ಲಿ ಉಳ್ಳವರು, ಇಲ್ಲದವರು ಎಂಬ ಎರಡು ಬಗೆಯಾಯಿತು. ಇದರಲ್ಲಿ ಯಾರೊಬ್ಬರ ದುರುದ್ದೇಶವೂ ಇರಲಿಲ್ಲವೆಂಬುದೇ ಯೋಚಿಸತಕ್ಕ ಸಂಗತಿ.

ಇನ್ಯುಯಿಟ್ ಜನರ ನಾಯಿಗಳ ಕಥೆ ಬೇರೆ ರೀತಿಯದು. ಬಂಡಿಯ ನಾಯಿಗಳು ಬರಿಯ ಎಳೆಯುವ ಪ್ರಾಣಿಗಳಲ್ಲ. ಮಂಜುಗಡ್ಡೆ ತೆಳುವಾಗಿರುವಲ್ಲಿ ಅನುಭವಿಯಾದ ಮುಂದಾಳು ನಾಯಿ ಹೆಜ್ಜೆಯಿಡದೆ ನಿಲ್ಲುತ್ತದೆ. ಹಿಮದ ಬಿರುಗಾಳಿಯಲ್ಲಿ ಕಣ್ಣು ಕಾಣದಿದ್ದರೂ ಮನೆಯ ದಾರಿಯನ್ನು ಹಿಡಿಯುತ್ತದೆ. ನೀರ್ನಾಯಿಯಂತಹ ಸೀಲ್ ಪ್ರಾಣಿಯು ಉಸಿರಾಡಲು ಬರುವ ರಂಧ್ರವನ್ನು ವಾಸನೆಯಿಂದಲೇ ಪತ್ತೆ ಹಚ್ಚುತ್ತದೆ. ಯಂತ್ರಕ್ಕೆ ಈ ಬಲ್ಲತನವಿಲ್ಲ. ಮನೆಯಿಂದ ನೂರು ಕಿಲೋಮೀಟರು ದೂರದಲ್ಲಿ ಪೆಟ್ರೋಲು ಮುಗಿದರೆ ಅದು ಕಬ್ಬಿಣದ ಮುದ್ದೆ. ಹಾಗಿದ್ದರೂ ಯಂತ್ರವನ್ನು ಬಯಸಿ ತಂದುಕೊಂಡವರು ಅವರೇ. ವರ್ಷವೆಲ್ಲ ನಾಯಿಗಳಿಗೆ ಮಾಂಸವನ್ನು ಹೊಂದಿಸುವುದು ಸುಲಭದ ಮಾತಲ್ಲ. ಅಲ್ಲದೆ ಆ ಹೊತ್ತಿಗೆ ಜನರು ಅಲೆಮಾರಿ ಬದುಕನ್ನು ಬಿಟ್ಟು ಶಾಲೆ, ಆಸ್ಪತ್ರೆಗಳಿದ್ದ ನೆಲೆಗಳಲ್ಲಿ ನಿಂತಿದ್ದರು. ಬೇಟೆಯ ತಾಣಗಳು ದೂರವಾಗಿದ್ದವು. ವಾರವೆಲ್ಲ ಕೆಲಸ ಮಾಡಿ ಎರಡು ದಿನದ ಬಿಡುವಿನಲ್ಲಿ ಬೇಟೆಗೆ ಹೋಗಿಬರುವುದು ಯಂತ್ರವಿಲ್ಲದೆ ಸಾಧ್ಯವಿರಲಿಲ್ಲ. ನಾಯಿಗಳು ಕಣ್ಮರೆಯಾದುದಕ್ಕೆ ಯಂತ್ರವೊಂದನ್ನೇ ದೂರುವಂತಿಲ್ಲ. 1950 ಮತ್ತು 60ರ ದಶಕಗಳಲ್ಲಿ ಪೂರ್ವ ಧ್ರುವಪ್ರದೇಶದ ನೆಲೆಗಳಲ್ಲಿ ಪೊಲೀಸರೂ ಅಧಿಕಾರಿಗಳೂ ಬಂಡಿಯ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಅದಕ್ಕಾಗಿ 2019ರಲ್ಲಿ ಕೆನಡ ಸರ್ಕಾರವು ಅಲ್ಲಿನ ಜನರ ಕ್ಷಮೆ ಯಾಚಿಸಿತು. ಅಲಾಸ್ಕದಲ್ಲಿ ಹಳ್ಳಿಗಳ ಅಂಗಳದಿಂದ ನಾಯಿಗಳು ಮಾಯವಾಗುತ್ತಿರುವುದನ್ನು ಕಂಡು ಮರುಗಿದ ಜೋ ರೆಡಿಂಗ್ಟನ್ ಎಂಬವನು ಗೆಳೆಯರೊಡನೆ ಸೇರಿ 1973ರಲ್ಲಿ ಆಂಕರೇಜಿನಿಂದ ನೋಮ್‌ವರೆಗೆ ನಾಯಿಬಂಡಿಗಳ ದೀರ್ಘ ಓಟವನ್ನು ಏರ್ಪಡಿಸಿದನು. ಐಡಿಟರಾಡ್ ಎಂಬ ಆ ಸ್ಪರ್ಧೆ ಇಂದಿಗೂ ನಡೆಯುತ್ತಿದೆ.

ವಿನೋದದ ವಾಹನವಾಗಿ ಸ್ನೋಮೊಬೈಲಿನ ವಿಷಯವನ್ನು ಚುಟುಕಾಗಿ ಹೇಳಬಹುದು. ಕ್ವಿಬೆಕ್ ಒಂದರಲ್ಲಿಯೇ ಅದಕ್ಕೆಂದು ಗುರುತು ಮಾಡಿದ ಹಾದಿಗಳ ಉದ್ದ 30,000 ಕಿಲೋಮೀಟರಿಗೂ ಮಿಗಿಲು. ಹಳ್ಳಿಹಳ್ಳಿಗಳ ಸವಾರರ ಸಂಘಗಳು ಅವನ್ನು ನೋಡಿಕೊಳ್ಳುತ್ತವೆ. ರೈತರು ತಮ್ಮ ಹೊಲಗಳ ಮೇಲೆ ಹಾದುಹೋಗಲು ಅನುಮತಿ ಕೊಡುತ್ತಾರೆ. ಚಳಿಗಾಲದಲ್ಲಿ ಬಾಗಿಲು ಮುಚ್ಚುತ್ತಿದ್ದ ಹೋಟೆಲುಗಳಿಗೆ ಈಗ ಅದೇ ಸುಗ್ಗಿಯ ಕಾಲ. ಆದರೆ ಗಂಟೆಗೆ 150 ಕಿಲೋಮೀಟರಿಗಿಂತ ವೇಗವಾಗಿ ಓಡಬಲ್ಲ ಇಂದಿನ ಯಂತ್ರಗಳ ಮೇಲೆ, ಮಬ್ಬು ಬೆಳಕಿನಲ್ಲಿ, ಕೆಲವೊಮ್ಮೆ ಕುಡಿದ ಅಮಲಿನಲ್ಲಿ ಹೋಗಿ ಮರಕ್ಕೆ ಬಡಿದವರೂ, ತೆಳುವಾದ ಮಂಜುಗಡ್ಡೆ ಒಡೆದು ಕೆರೆಯ ಪಾಲಾದವರೂ, ಬೆಟ್ಟದ ಇಳಿಜಾರಿನಲ್ಲಿ ಹಿಮಪಾತವನ್ನು ತಾವೇ ಎಬ್ಬಿಸಿ ಅದರಡಿ ಸಿಕ್ಕಿದವರೂ ಪ್ರತಿ ಚಳಿಗಾಲವೂ ಇದ್ದೇ ಇರುತ್ತಾರೆ. ಒಂಟಿಯಾಗಿ ಹೋಗಬಾರದು, ಹೋಗುವ ದಾರಿಯನ್ನು ಮನೆಯಲ್ಲಿ ಹೇಳಿಹೋಗಬೇಕು, ಒಂದು ಬೆಲ್ಟನ್ನೂ ಬೆಂಕಿಪೆಟ್ಟಿಗೆಯನ್ನೂ ಹೆಚ್ಚಿಗೆ ಇಟ್ಟುಕೊಂಡಿರಬೇಕು ಎಂದು ಅಲ್ಲಿನ ಹಿರಿಯರು ಕಿರಿಯರಿಗೆ ಹೇಳುತ್ತಾರೆ.

ಗದ್ದಲ ಮತ್ತು ಹೊಗೆಯ ದೂರು ಇನ್ನೊಂದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1963ರಲ್ಲಿ ಮೊದಲ ಸ್ನೋಮೊಬೈಲುಗಳು ಬಂದಾಗ ಯಾರೂ ಆಕ್ಷೇಪಿಸಲಿಲ್ಲ. 1990ರ ದಶಕದ ವೇಳೆಗೆ ಬಿಡುವಿನ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಯಂತ್ರಗಳು ಸಾಲುಗಟ್ಟಿ ನಿಲ್ಲತೊಡಗಿದವು. ಎಣ್ಣೆ ಬೆರೆತ ಪೆಟ್ರೋಲಿನ ನೀಲಿ ಹೊಗೆ ಎಷ್ಟಾಯಿತೆಂದರೆ ಬಾಗಿಲ ಕಟ್ಟೆಯಲ್ಲಿ ಕುಳಿತು ಟಿಕೆಟು ಕೊಡುವ ಸಿಬ್ಬಂದಿಗೆ ಕೊಳವೆಯ ಮೂಲಕ ಶುದ್ಧ ಗಾಳಿಯನ್ನು ಒದಗಿಸಬೇಕಾಯಿತು. ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಾದವಿವಾದಗಳು ನಡೆದವು. ಈಗ ಹೊಗೆಯೂ ಸದ್ದೂ ಕಡಿಮೆಯಿರುವ ಯಂತ್ರಗಳಿಗೆ ಮಾತ್ರ, ಗೊತ್ತಾದ ಸಂಖ್ಯೆಯಲ್ಲಿ, ಮಾರ್ಗದರ್ಶಕರೊಡನೆ ಅಲ್ಲಿ ಪ್ರವೇಶವುಂಟು.

ಭಾರತದಲ್ಲಿ ಈ ವಾಹನವನ್ನು ಕಾಣಬೇಕಾದರೆ ಹಿಮಾಲಯಕ್ಕೆ ಹೋಗಬೇಕು. ಕಾಶ್ಮೀರದ ಗುಲ್ಮಾರ್ಗದಲ್ಲಿ ಚಳಿಗಾಲದ ಪ್ರವಾಸಿಗರು ಅದರ ಮೇಲೆ ಕುಳಿತು ಸವಾರಿ ಮಾಡುತ್ತಾರೆ. ಸಿಯಾಚಿನ್ ಹಿಮನದಿಯ ಮೇಲೆ ಅದು ವಿನೋದದ ವಸ್ತುವಲ್ಲ. 1984ರಿಂದ ಅಲ್ಲಿ ಕಾವಲಿರುವ ಭಾರತೀಯ ಸೇನೆಯು ಸೀಮೆಎಣ್ಣೆ, ಆಹಾರ, ಔಷಧಿಗಳನ್ನು ಸಾಗಿಸುವುದಕ್ಕೆ ಹೆಲಿಕಾಪ್ಟರುಗಳ ಜೊತೆಗೆ ಹಿಮದ ಸ್ಕೂಟರುಗಳನ್ನೂ ಬಳಸುತ್ತದೆ. ಮೇಲ್ಗಡೆ ಸಮತಟ್ಟಾಗಿ ಕಾಣುವ ಹಿಮದ ಕೆಳಗೆ ಆಳವಾದ ಬಿರುಕುಗಳು ಅಡಗಿರುವುದರಿಂದ ಸವಾರನು ಪ್ರತಿಯೊಂದು ಗಜವನ್ನೂ ಎಚ್ಚರದಿಂದ ದಾಟಬೇಕು. ಯಂತ್ರವೂ ಹೋಗಲಾರದ ಎತ್ತರದ ಠಾಣ್ಯಗಳಿಗೆ ಸೈನಿಕರು ಬೆನ್ನ ಮೇಲೆಯೇ ಹೊತ್ತು ಏರುತ್ತಾರೆ. ಅಂತಹ ಒಂದು ಠಾಣ್ಯವು 2016ರ ಫೆಬ್ರವರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಬಳಿಕ ಜೀವಂತವಾಗಿ ಹೊರತೆಗೆದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಉತ್ತರದ ನಾಡುಗಳಲ್ಲಿ ಈಗ ಚಳಿಗಾಲವೇ ಬದಲಾಗುತ್ತಿದೆ. ಸಮುದ್ರದ ಮೇಲಿನ ಮಂಜುಗಡ್ಡೆ ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ. ಹಿರಿಯರು ತೋರಿಸಿಕೊಟ್ಟ ಹಾದಿಗಳು ಕೆಲವೊಮ್ಮೆ ಮೋಸ ಮಾಡುತ್ತವೆ. ಕೆನಡದ ಲ್ಯಾಬ್ರಡಾರ್ ಕರಾವಳಿಯ ನೇಯ್ನ್ ಎಂಬ ಇನ್ಯುಯಿಟ್ ಊರಿನಲ್ಲಿ 2009–10ರ ಚಳಿಗಾಲವು ಅಸಾಧಾರಣವಾಗಿ ಬೆಚ್ಚಗಾಗಿ ಜನರು ಓಡಾಡುವುದೇ ಕಷ್ಟವಾಯಿತು. ಅದಾದ ಮೇಲೆ ಅಲ್ಲಿನವರೂ ಮೆಮೋರಿಯಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಸೇರಿ ಸ್ಮಾರ್ಟ್‌ಐಸ್ ಎಂಬ ಯೋಜನೆಯೊಂದನ್ನು ಆರಂಭಿಸಿದರು. ಸ್ನೋಮೊಬೈಲಿನ ಹಿಂದೆ ಹಳೆಯ ಮಾದರಿಯ ಜಾರುಬಂಡಿಯೊಂದನ್ನು ಕಟ್ಟಲಾಗುತ್ತದೆ. ಅದರಲ್ಲಿ ಹಿಂದಿನಂತೆ ಬೇಟೆಯ ಮಾಂಸವಿಲ್ಲ. ಮಂಜುಗಡ್ಡೆಯ ದಪ್ಪವನ್ನು ಅಳೆಯುವ ಉಪಕರಣವಿದೆ. ಊರಿನ ಯುವಕರು ಅದನ್ನು ಎಳೆದುಕೊಂಡು ಹೋಗಿ, ಎಲ್ಲಿ ಹಾದಿ ಗಟ್ಟಿ, ಎಲ್ಲಿ ತೆಳುವು ಎಂಬುದನ್ನು ಊರವರಿಗೆ ತಿಳಿಸುತ್ತಾರೆ. ನಾಯಿಗಳು ಹಿಂದೆ ಮೂಗಿನಿಂದಲೂ ಪಾದಗಳಿಂದಲೂ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈ ಉಪಕರಣ ಮಾಡುತ್ತದೆ. ಅಳತೆ ಹೇಳದಿರುವುದನ್ನು ಹಿರಿಯ ಬೇಟೆಗಾರರು ಆ ನಕ್ಷೆಗೆ ಸೇರಿಸುತ್ತಾರೆ: ಇಲ್ಲಿ ಕೆಳಗೆ ಪ್ರವಾಹವಿದೆ, ಮಂಜುಗಡ್ಡೆ ದಪ್ಪವಾಗಿದ್ದರೂ ಇಂದು ಈ ಕಡೆ ಹೋಗಬೇಡಿ.